ಅಧಿಕ ಮಾಸದಲ್ಲಿ ಮಗು ಶಾಲೆಗೆ: ಅಕ್ಷರಾಭ್ಯಾಸ ಮೊದಲೋ, ಪ್ರೀ-ಸ್ಕೂಲ್ ಮೊದಲೋ?

ಪ್ರಶ್ನೆ: ಪೂಜ್ಯರಿಗೆ ನಮಸ್ಕಾರ. ನಮ್ಮ ಮಗಳಿಗೆ ಈ ಜನವರಿಯಲ್ಲಿ ಮೂರು ವರ್ಷ ತುಂಬಿತು. ಜೂನ್ 1ರಿಂದ ಮನೆ ಹತ್ತಿರದ ಪ್ರೀ-ಸ್ಕೂಲಿಗೆ ಕಳಿಸಲು ಹಣ ಕಟ್ಟಿದ್ದೇವೆ. ಅಕ್ಷರಾಭ್ಯಾಸ ಆಗದೆ ಮಗು ಶಾಲೆಯ ಹೊಸ್ತಿಲು ದಾಟಬಾರದು ಅಂತ ನಮ್ಮ ಅತ್ತೆಯವರು ಹೇಳುತ್ತಾರೆ. ಐದು ವರ್ಷವಾಗದೆ ಅಕ್ಷರಾಭ್ಯಾಸ ಮಾಡುವಂತಿಲ್ಲ ಅಂತ ನಮ್ಮ ಪುರೋಹಿತರು. ಜೂನ್ 1 ಅಧಿಕ ಮಾಸದಲ್ಲಿ ಬರುತ್ತದೆ. ಅಂದು ಸೋಮವಾರ, ಶಾಲೆಗೆ ಬಿಡುವ ಹೊತ್ತು ಸರಿಯಾಗಿ ರಾಹುಕಾಲ. ಮಗು ಎಲ್ಲವನ್ನೂ ಎಡಗೈಯಲ್ಲೇ ಹಿಡಿಯುತ್ತಾಳೆ. ನನ್ನನ್ನು ಬಿಟ್ಟು ಐದು ನಿಮಿಷ ಇರುವುದಿಲ್ಲ. ನಾನು ಜೂನ್‌ನಿಂದ ಕೆಲಸಕ್ಕೆ ಹೋಗಲೇಬೇಕು. ಅದಕ್ಕೋಸ್ಕರ ಮಗುವನ್ನು ಇಷ್ಟು ಬೇಗ ದೂರ ಮಾಡುವುದು ಪಾಪವೇ? ದಯವಿಟ್ಟು ತಿಳಿಸಿ.
(ಓದುಗರೊಬ್ಬರು, ತುಮಕೂರು ಜಿಲ್ಲೆ)

ಉತ್ತರ: ತಾಯೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಶಾಲೆ ತೆರೆಯುವ ಹೊತ್ತಿಗೇ ಅಧಿಕ ಮಾಸ ಬಂದಿರುವುದರಿಂದ ಇದೇ ಅರ್ಥದ ಪತ್ರಗಳು ಈ ಬಾರಿ ಇನ್ನೂ ನಾಲ್ಕೈದು ಬಂದಿವೆ. ಆದ್ದರಿಂದ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಇಟ್ಟಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಿಮ್ಮ ಅತ್ತೆಯವರ ಮಾತೂ ಸರಿ, ಪುರೋಹಿತರ ಮಾತೂ ಸರಿ. ಇಬ್ಬರೂ ಅಕ್ಷರದ ವಿಷಯ ಮಾತಾಡುತ್ತಿದ್ದಾರೆ. ಆದರೆ ನಿಮ್ಮ ಮಗು ಜೂನ್‌ನಲ್ಲಿ ಹೋಗುತ್ತಿರುವುದು ಅಕ್ಷರ ಕಲಿಯಲಿಕ್ಕೆ ಅಲ್ಲ.

ಅಕ್ಷರಾಭ್ಯಾಸದ ಕಾಲದಿಂದ ಶುರು ಮಾಡೋಣ. ನಮ್ಮ ಕಡೆ ಮುಹೂರ್ತ ಇಡುವಾಗ ಹೆಚ್ಚಾಗಿ ನೋಡುವ ಗ್ರಂಥ ‘ಮುಹೂರ್ತ ಚಿಂತಾಮಣಿ’. ಕಾಶಿಯಲ್ಲಿದ್ದ ರಾಮದೈವಜ್ಞರು 1600ನೇ ಇಸವಿಯಲ್ಲಿ ಬರೆದದ್ದು. ಅದರಲ್ಲಿ ಲಿಪಿ ಹಿಡಿಸುವುದಕ್ಕೆ ಹೇಳಿರುವ ಕಾಲ ಐದನೇ ವರ್ಷ. ಗಣೇಶ, ವಿಷ್ಣು, ಸರಸ್ವತಿ, ಲಕ್ಷ್ಮಿ ಈ ನಾಲ್ವರನ್ನು ಪೂಜಿಸಿ, ಸೂರ್ಯ ಉತ್ತರಾಯಣದಲ್ಲಿರುವಾಗ, ಬಿದಿಗೆ, ತದಿಗೆ, ಪಂಚಮಿ, ಷಷ್ಠಿ, ದಶಮಿ, ಏಕಾದಶಿ, ದ್ವಾದಶಿ ಇವುಗಳಲ್ಲಿ ಒಂದು ತಿಥಿ, ಅಶ್ವಿನಿ, ಆರ್ದ್ರಾ, ಪುನರ್ವಸು, ಪುಷ್ಯ, ಹಸ್ತ, ಚಿತ್ತಾ, ಸ್ವಾತಿ, ಅನುರಾಧಾ, ಶ್ರವಣ, ರೇವತಿ ಇವುಗಳಲ್ಲಿ ಒಂದು ನಕ್ಷತ್ರ, ಚರ ಲಗ್ನ ಬಿಟ್ಟು ಬೇರೆ ಲಗ್ನ, ಶುಭವಾರ. ಇಷ್ಟು ವಿಧಿ. ಇಲ್ಲಿ ಬಹಳ ಜನ ಒಂದು ತಪ್ಪು ಮಾಡ್ತಾರೆ. ಐದನೇ ವರ್ಷ ಅಂದರೆ ಐದು ವರ್ಷ ತುಂಬಿದ ಮೇಲೆ ಅಲ್ಲ. ನಾಲ್ಕು ತುಂಬಿ ಐದು ನಡೆಯುತ್ತಿರುವಾಗ. ನಿಮ್ಮ ಮಗುವಿಗೆ 2027ರ ಜನವರಿಯಲ್ಲಿ ನಾಲ್ಕು ತುಂಬುತ್ತದೆ. ಅಲ್ಲಿಂದ ಐದನೇ ವರ್ಷ ಶುರು. ಫೆಬ್ರವರಿಯಲ್ಲಿ ಮಾಘ ಶುದ್ಧ ಪಂಚಮಿ ಬರುತ್ತದೆ, ಸರಸ್ವತಿಯ ದಿನ, ಉತ್ತರಾಯಣ. ಅಂದು ಮಾಡಬಹುದು.

ಹಾಗಾದರೆ ಮೂರನೇ ವರ್ಷದಲ್ಲಿ ಮಾಡುವವರು ತಪ್ಪು ಮಾಡುತ್ತಿದ್ದಾರಾ? ಅವರಿಗೂ ಒಂದು ಆಧಾರ ಇದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜಕುಮಾರನಿಗೆ ಚೌಲವಾದ ಮೇಲೆ ಲಿಪಿ ಮತ್ತು ಎಣಿಕೆ ಕಲಿಸಬೇಕು, ಉಪನಯನವಾದ ಮೇಲೆ ವೇದ ಮೊದಲಾದ ವಿದ್ಯೆಗಳು ಅಂತ ಕ್ರಮ ಹೇಳಿದೆ. ಚೌಲ ಮೂರನೇ ವರ್ಷಕ್ಕೆ ಆಗುವುದು ರೂಢಿ. ಕಾಳಿದಾಸನ ರಘುವಂಶದ ಮೂರನೇ ಸರ್ಗದಲ್ಲೂ ರಘುವಿಗೆ ಚೌಲವಾದ ಮೇಲೆಯೇ ಲಿಪಿಯ ಅಭ್ಯಾಸ. ಆದರೆ ಚೌಲವಾದ ಮೇಲೆ ಅಂದರೆ ಚೌಲದ ಮಾರನೇ ದಿನ ಅಂತ ಅರ್ಥ ಅಲ್ಲವಲ್ಲ. ನನ್ನ ಅಭಿಪ್ರಾಯ ಕೇಳಿದರೆ ಐದನೇ ವರ್ಷವೇ ಸರಿ. ಮೂರು ವರ್ಷದ ಮಗುವಿನ ಬೆರಳಿಗೆ ಬಳಪ ಹಿಡಿಯುವ ಹಿಡಿತ ಇನ್ನೂ ಬಂದಿರುವುದಿಲ್ಲ, ನೀವೇ ನೋಡಿದ್ದೀರಿ. ಅಂದಹಾಗೆ ರಘುವಂಶದ ಆ ಜಾಗದಲ್ಲಿ ನನಗೆ ಬಹಳ ಇಷ್ಟವಾದ ಒಂದು ವಿವರ ಇದೆ. ರಘು ಒಬ್ಬನೇ ಕೂತು ಕಲಿಯಲಿಲ್ಲ. ಓರಗೆಯ ಮಂತ್ರಿಪುತ್ರರ ಜೊತೆ ಕಲಿತ. ಚಕ್ರವರ್ತಿಯ ಮನೆಯಲ್ಲಿ ಮಗುವಿಗೊಬ್ಬ ಗುರುವನ್ನು ಇಡೋದು ಕಷ್ಟವಿರಲಿಲ್ಲ. ಆದರೂ ಜೊತೆಗೆ ಮಕ್ಕಳು ಬೇಕು ಅಂತ ಅವರಿಗೆ ಗೊತ್ತಿತ್ತು.

ಪ್ರೀ-ಸ್ಕೂಲ್ ಅನ್ನುವುದು ಈ ಓರಗೆಯ ಮಕ್ಕಳ ಜೊತೆ ಕೂರುವ ಜಾಗ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಆರು ವರ್ಷದವರಿಗೆ ಆಟದ ಮೂಲಕವೇ ಕಲಿಕೆ ಅಂತ ಹೇಳುತ್ತದೆ. ನಮ್ಮ ಹಳ್ಳಿಗಳ ಅಂಗನವಾಡಿಗಳು 1975ರಿಂದ ಇದನ್ನೇ ಮಾಡಿಕೊಂಡು ಬಂದಿವೆ: ಹಾಡು, ಕಥೆ, ಊಟ, ಆಟ. ಅಲ್ಲಿಗೆ ಮಗುವನ್ನು ಬಿಡಲು ಅಕ್ಷರಾಭ್ಯಾಸ ಆಗಿರಬೇಕೆಂಬ ನಿಯಮ ಇಲ್ಲ. ಇದನ್ನು ಅತ್ತೆಯವರಿಗೆ ಓದಿ ಹೇಳಿ. ಅವರ ಮಾತಿಗೂ ಬೆಲೆ ಕೊಡಿ. ಅಕ್ಷರಾಭ್ಯಾಸದ ಮೊದಲು ಅಕ್ಷರ ಬರೆಸಬಾರದು ಅನ್ನುವುದು ಅವರ ಮಾತಿನ ತಿರುಳು. ನೀವು ಶಾಲೆಗೆ ಹೋಗಿ ಒಂದು ಪ್ರಶ್ನೆ ಕೇಳಿ: ಮೊದಲ ವರ್ಷ ಮಕ್ಕಳ ಕೈಯಲ್ಲಿ ಬರೆಸ್ತೀರಾ? ಬರೆಸ್ತೀವಿ, ಮನೆಗೂ ಹೋಂವರ್ಕ್ ಕೊಡ್ತೀವಿ ಅಂದರೆ, ನಮ್ಮ ಮನೆಯಲ್ಲಿ ಅಕ್ಷರಾಭ್ಯಾಸ ಮುಂದಿನ ಮಾಘದಲ್ಲಿ, ಅಲ್ಲಿಯವರೆಗೆ ನಮ್ಮ ಮಗುವಿಗೆ ಬರೆಯುವ ಕೆಲಸ ಬೇಡ ಅಂತ ಧಾರಾಳವಾಗಿ ಹೇಳಿ. ಮೂರು ವರ್ಷದ ಮಗುವಿಗೆ ಚುಕ್ಕಿ ಗೆರೆಯ ಮೇಲೆ ನೂರು ಸಲ ತಿದ್ದಿಸುವವರಿಗೆ ಮುಹೂರ್ತ ಶಾಸ್ತ್ರದಿಂದಲಾದರೂ ಸ್ವಲ್ಪ ತಡೆ ಬೀಳಲಿ.

ಇನ್ನು ಅಧಿಕ ಮಾಸ. ಚಾಂದ್ರಮಾನ ವರ್ಷ ಸುಮಾರು 354 ದಿನ, ಸೌರ ವರ್ಷ 365 ದಿನ ಚಿಲ್ಲರೆ. ವರ್ಷಕ್ಕೆ ಸುಮಾರು 11 ದಿನ ಹಿಂದೆ ಬೀಳುತ್ತದೆ. ಅದನ್ನು ಸರಿದೂಗಿಸಲು ಸುಮಾರು 32–33 ತಿಂಗಳಿಗೊಮ್ಮೆ ಸಂಕ್ರಾಂತಿಯೇ ಇಲ್ಲದ ಒಂದು ತಿಂಗಳು ಸೇರುತ್ತದೆ. ಅದು ಅಧಿಕ. ಈ ಪರಾಭವ ಸಂವತ್ಸರದಲ್ಲಿ ಅಧಿಕ ಜ್ಯೇಷ್ಠ, ಮೇ 17ರಿಂದ ಜೂನ್ 15ರವರೆಗೆ. ಈ ಅವಧಿಯಲ್ಲಿ ಮದುವೆ, ಉಪನಯನ, ಚೌಲ, ಗೃಹಪ್ರವೇಶ, ಅಕ್ಷರಾಭ್ಯಾಸ ಮಾಡುವುದಿಲ್ಲ. ಆದರೆ ನಿತ್ಯಕರ್ಮ ನಿಲ್ಲುವುದಿಲ್ಲ. ಸಂಧ್ಯಾವಂದನೆ ಬಿಡ್ತೀವಾ? ಹೊಲದ ಕೆಲಸ ನಿಲ್ಲಿಸ್ತೀವಾ? ಆಫೀಸಿಗೆ ರಜೆ ಹಾಕ್ತೀವಾ? ಮಗು ಬೆಳಿಗ್ಗೆ ಎದ್ದು ನಾಲ್ಕು ಮಕ್ಕಳ ಜೊತೆ ಆಡಿ ಬರುವುದು ಸಂಸ್ಕಾರವಲ್ಲ, ದಿನಚರಿ. ದೋಷವಿಲ್ಲ. ಆದರೂ ಮನಸ್ಸು ಒಪ್ಪದಿದ್ದರೆ ಒಂದು ದಾರಿ ಹೇಳ್ತೀನಿ. ಮೇ 16ರ ವೈಶಾಖ ಅಮಾವಾಸ್ಯೆಗೆ ಮುಂಚೆ ಶುಭವಾರ, ಒಳ್ಳೆಯ ತಿಥಿ ನೋಡಿ, ಮಗುವನ್ನು ಕರೆದುಕೊಂಡು ಹೋಗಿ ಆ ಶಾಲೆಯ ಅಂಗಳದಲ್ಲಿ ಅರ್ಧ ಗಂಟೆ ಆಡಿಸಿಕೊಂಡು ಬನ್ನಿ. ಮನೆಯಲ್ಲಿ ದೀಪ ಹಚ್ಚಿ, ಗಣಪತಿಗೆ ಗರಿಕೆ ಏರಿಸಿ, ಕುಲದೇವರಿಗೆ ಕೈಮುಗಿದು ಹೊರಡಿ. ಪ್ರಥಮ ಪ್ರವೇಶ ಅಂದೇ ಆದಂತಾಯಿತು. ಜೂನ್ 1ಕ್ಕೆ ಹೋಗುವುದು ಎರಡನೇ ಸಲ. ಇದರಿಂದ ಇನ್ನೊಂದು ಲಾಭವೂ ಇದೆ, ಅದನ್ನು ಆಮೇಲೆ ಹೇಳ್ತೀನಿ.

ಪರದೇಶದಲ್ಲಿರುವ ನಮ್ಮವರೂ ಕೇಳಿದ್ದಾರೆ. ಅಮೆರಿಕದಲ್ಲಿ ಶಾಲೆ ಶುರುವಾಗುವುದೇ ಆಗಸ್ಟ್, ಸೆಪ್ಟೆಂಬರಿನಲ್ಲಿ, ಎಲ್ಲವೂ ದಕ್ಷಿಣಾಯನ. ಅವರಿಗೂ ಇದೇ ಉತ್ತರ. ತಿಥಿಯನ್ನು ಮಾತ್ರ ಅಲ್ಲಿಯ ಸೂರ್ಯೋದಯಕ್ಕೆ ನೋಡಿಕೊಳ್ಳಿ, ಬೆಂಗಳೂರಿನ ಪಂಚಾಂಗಕ್ಕಲ್ಲ.

ರಾಹುಕಾಲದ ವಿಚಾರ. ಹಗಲನ್ನು ಎಂಟು ಭಾಗ ಮಾಡಿದರೆ ಸೋಮವಾರ ಎರಡನೇ ಭಾಗ ರಾಹುವಿನದು. ಜೂನ್ ಮೊದಲ ವಾರ ನಮ್ಮ ಕಡೆ ಅದು ಏಳೂವರೆಗೆ ಶುರುವಾಗಿ ಒಂಬತ್ತು ದಾಟಿ ಐದಾರು ನಿಮಿಷಕ್ಕೆ ಮುಗಿಯುತ್ತದೆ. ಎಂಟೂವರೆಗೆ ಗೇಟು ಮುಚ್ಚುವ ಶಾಲೆಗೆ ಒಂಬತ್ತು ಹತ್ತಕ್ಕೆ ಬರ್ತೀವಿ ಅನ್ನೋಕಾಗುತ್ತಾ? ಬೇಡ. ಯಾತ್ರಾ ಪ್ರಕರಣದಲ್ಲಿ ಇದಕ್ಕೆ ‘ಪ್ರಸ್ಥಾನ’ ಅಂತ ಒಂದು ಉಪಾಯ ಹೇಳಿದ್ದಾರೆ. ಹೊರಡುವ ಹೊತ್ತು ಸರಿಯಿಲ್ಲದಿದ್ದರೆ, ಒಳ್ಳೆಯ ಹೊತ್ತಿನಲ್ಲಿ ನಮ್ಮದೊಂದು ವಸ್ತುವನ್ನು ಹೋಗುವ ದಿಕ್ಕಿನ ಬೇರೆ ಮನೆಯಲ್ಲಿ ಇಟ್ಟುಬಂದು, ಆಮೇಲೆ ಹೊರಡುವುದು. ನೀವು ಏಳೂವರೆಗೆ ಮುಂಚೆ ದೀಪ ಹಚ್ಚಿ, ಮಗುವಿನ ಬಾಯಿಗೆ ಬೆಲ್ಲದ ಚೂರು ಹಾಕಿ, ಅವಳ ಪುಟ್ಟ ಚೀಲವನ್ನು ಅವಳ ಕೈಯಲ್ಲೇ ಎತ್ತಿಸಿಕೊಂಡು ಹೋಗಿ ಪಕ್ಕದ ಮನೆಯಲ್ಲಿ ಇಟ್ಟುಬನ್ನಿ. ಎಂಟೂಕಾಲಿಗೆ ಆ ಚೀಲ ತೆಗೆದುಕೊಂಡು ಶಾಲೆಗೆ ಹೋಗಿ. ಶಾಸ್ತ್ರಕ್ಕೆ ಶಾಸ್ತ್ರವೂ ಆಯಿತು. ಮಗುವಿಗೂ ಒಂದು ಕೆಲಸವಾಯಿತು. ನಾನು ಇದನ್ನು ಎಷ್ಟೋ ಮನೆಯವರಿಗೆ ಹೇಳಿದ್ದೇನೆ, ಮಕ್ಕಳು ಖುಷಿಯಿಂದ ಮಾಡ್ತಾರೆ.

ಎಡಗೈಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಪೂಜೆ, ದಾನ, ಹೋಮ, ತೀರ್ಥಪ್ರಸಾದ ಇವುಗಳಿಗೆ ಬಲಗೈ. ಇದರಲ್ಲಿ ಎರಡು ಮಾತಿಲ್ಲ. ಆದರೆ ಎಡಗೈಯಲ್ಲಿ ಬರೆಯಕೂಡದು ಎಂಬ ನಿಷೇಧವನ್ನು ನಾನು ಓದಿದ ಯಾವ ಮುಹೂರ್ತ ಗ್ರಂಥದಲ್ಲೂ ಕಂಡಿಲ್ಲ. ಎಡಗೈಯಲ್ಲೂ ಬಿಲ್ಲೆಳೆಯಬಲ್ಲವನಾದ್ದರಿಂದಲೇ ಅರ್ಜುನನಿಗೆ ಸವ್ಯಸಾಚಿ ಎಂಬ ಹೆಸರು. ವಿರಾಟ ಪರ್ವದಲ್ಲಿ ಉತ್ತರನಿಗೆ ತನ್ನ ಹತ್ತು ಹೆಸರುಗಳನ್ನು ವಿವರಿಸುವಾಗ ಇದನ್ನೂ ಹೆಮ್ಮೆಯಿಂದಲೇ ಹೇಳುತ್ತಾನೆ. ನಾನು ಪಾಠಶಾಲೆಯಲ್ಲಿದ್ದಾಗ ನಮ್ಮ ಜೊತೆ ಎಡಗೈಯ ಹುಡುಗನೊಬ್ಬನಿದ್ದ. ಹಿರಿಯರೊಬ್ಬರು ಅವನ ಎಡಗೈಯನ್ನು ಸೊಂಟದ ಪಂಚೆಗೆ ಸೇರಿಸಿ ಕಟ್ಟಿ ಬರೆಸುತ್ತಿದ್ದರು. ಬಾಯಿಪಾಠದಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದ ಹುಡುಗ. ಪುಸ್ತಕ ತೆರೆದರೆ ಮಾತ್ರ ಬೆವರುತ್ತಿದ್ದ. ಕೊನೆಗೆ ಬರವಣಿಗೆಯನ್ನೇ ಬಿಟ್ಟ. ಇವತ್ತಿಗೂ ಒಂದು ಕಾಗದ ಬರೆಯಬೇಕಾದರೆ ಮಗನನ್ನು ಕರೀತಾನೆ. ನಾವು ಯಾರೂ ಅಂದು ಬಾಯಿ ಬಿಡಲಿಲ್ಲ.

ಆದ್ದರಿಂದ ನಿಮಗೆ ನಾನು ಹೇಳುವುದಿಷ್ಟು. ಮಾಘದಲ್ಲಿ ಅಕ್ಷರಾಭ್ಯಾಸ ಮಾಡುವಾಗ ಅಕ್ಕಿಯ ಮೇಲೆ ಮೊದಲ ‘ಶ್ರೀ’ಕಾರವನ್ನು ಬಲಗೈ ಹಿಡಿದು ಬರೆಸಿ. ಅದು ಪೂಜೆಯ ಅಂಗ. ಆಮೇಲೆ ಸ್ಲೇಟು ಕೊಟ್ಟಾಗ ಮಗು ಯಾವ ಕೈಯಲ್ಲಿ ಬಳಪ ಹಿಡಿಯುತ್ತದೋ ಆ ಕೈಯಲ್ಲೇ ಬರೆಯಲಿ. ಬಲಗೈಯಲ್ಲಿ ಪ್ರಸಾದ ತೆಗೆದುಕೊಳ್ಳುವುದನ್ನು ನಗುನಗುತ್ತಾ ಹೇಳಿಕೊಡಿ. ಕೈ ಬದಲಾಯಿಸಿ ಅಂತ ಶಾಲೆಗೆ ಹೇಳಿ ಕಳಿಸಬೇಡಿ. ಅವರೇ ಬದಲಾಯಿಸಲು ಹೊರಟರೆ ಬೇಡ ಅನ್ನಿ. ಮನೆಯ ಹಿರಿಯರು ಇದನ್ನು ಅಪಶಕುನ ಅಂತ ಮಗುವಿನ ಎದುರಿಗೆ ಆಡದಂತೆ ನೋಡಿಕೊಳ್ಳಿ. ಇದು ಸ್ವಲ್ಪ ಕಷ್ಟದ ಕೆಲಸ, ಗೊತ್ತು.

ಅಕ್ಷರಾಭ್ಯಾಸದ ಕ್ರಮವನ್ನೂ ಈಗಲೇ ಹೇಳಿಬಿಡುತ್ತೇನೆ. ಬಹಳ ಜನ ಅದನ್ನು ದೊಡ್ಡ ಸಮಾರಂಭ ಮಾಡಿ ಕೆಡಿಸ್ತಾರೆ. ಕೆಡಿಸಿದವರಲ್ಲಿ ನಾನೂ ಒಬ್ಬ. ಸುಮಾರು ಇಪ್ಪತ್ತು ವರ್ಷದ ಹಿಂದೆ ಒಂದು ಮನೆಯಲ್ಲಿ ನಾನೇ ಇಟ್ಟುಕೊಟ್ಟ ಲಗ್ನ. ಮುಗಿಯಲು ಹತ್ತು ನಿಮಿಷ ಇತ್ತು. ಬೆಳಿಗ್ಗೆಯಿಂದ ಮಗುವಿಗೆ ಹಾಲು ಬಿಟ್ಟರೆ ಏನೂ ಕೊಟ್ಟಿರಲಿಲ್ಲ, ಪೂಜೆ ಆಗಲಿ ಅಂತ. ಹಸಿದು ನಿದ್ದೆ ಹೋಗಿತ್ತು. ನಾನು ‘ಎಬ್ಬಿಸಿ, ಎಬ್ಬಿಸಿ, ಹೊತ್ತು ಮೀರುತ್ತೆ’ ಅಂದೆ. ನಿದ್ದೆಗಣ್ಣಲ್ಲಿದ್ದ ಮಗುವಿನ ಬೆರಳು ಹಿಡಿದು ಅಕ್ಕಿಗೆ ಒತ್ತಿದೆವು. ಸುತ್ತ ಐವತ್ತು ಜನ, ಫೋಟೋ ತೆಗೆಯುವವನ ಫ್ಲ್ಯಾಶು. ಮಗು ಕಿರುಚಿಕೊಂಡು ತಟ್ಟೆಯನ್ನೇ ಒದೆಯಿತು. ಅಕ್ಕಿಯೆಲ್ಲ ಚೆಲ್ಲಾಪಿಲ್ಲಿ. ಅಪಶಕುನ ಆಯಿತಾ ಅಂತ ಅಜ್ಜಿ ನನ್ನ ಮುಖ ನೋಡಿದರು. ಆರು ತಿಂಗಳಾದ ಮೇಲೆ ಅದೇ ಮನೆಗೆ ಸತ್ಯನಾರಾಯಣ ಪೂಜೆಗೆ ಹೋದಾಗ ಅಜ್ಜಿ ಹೇಳಿದರು, ಸ್ಲೇಟು ಕಂಡರೆ ಮಗು ಈಗಲೂ ಮಂಚದ ಕೆಳಗೆ ಹೋಗುತ್ತೆ ಅಂತ. ಮುಹೂರ್ತ ಸರಿಯಾಗಿಯೇ ಇತ್ತು. ಹಸಿದ ಮಗುವನ್ನು ನೋಡಬೇಕಿದ್ದವನು ನಾನು ಗಡಿಯಾರ ನೋಡುತ್ತಿದ್ದೆ.

ಅಂದಿನಿಂದ ನಾನು ಮೊದಲು ಮಗುವಿಗೆ ತಿನ್ನಲು ಕೊಟ್ಟಿದ್ದೀರಾ ಅಂತ ಕೇಳಿ ಆಮೇಲೆ ಸಂಕಲ್ಪಕ್ಕೆ ಕೂರುತ್ತೇನೆ. ಉಪವಾಸ ತಂದೆ ತಾಯಿಗಿರಲಿ. ಉಪನಯನಕ್ಕೆ ಮೊದಲು ಮಗು ಇಷ್ಟ ಬಂದಂತೆ ನಡೆಯಬಹುದು, ಮಾತಾಡಬಹುದು, ತಿನ್ನಬಹುದು ಅಂತ ಗೌತಮ ಧರ್ಮಸೂತ್ರವೇ ಹೇಳಿದೆ. ಅವರು ಬಿಟ್ಟದ್ದನ್ನು ನಾವು ಯಾಕೆ ಕಟ್ಟಬೇಕು?

ಕ್ರಮ ಇಷ್ಟೇ. ಮಗು ಚೆನ್ನಾಗಿ ನಿದ್ದೆ ಮಾಡಿ ಎದ್ದ ಹೊತ್ತು ಆರಿಸಿ. ಗಣಪತಿ ಪೂಜೆ, ಕುಲದೇವರ ಪ್ರಾರ್ಥನೆ, ಆಮೇಲೆ ಲಕ್ಷ್ಮೀನಾರಾಯಣ, ಸರಸ್ವತಿ. ದೊಡ್ಡ ತಟ್ಟೆಯಲ್ಲಿ ಎರಡು ಸೇರು ಅಕ್ಕಿ ಹರಡಿ. ಮಗು ತಂದೆಯ ತೊಡೆಯ ಮೇಲೆ ಕೂರಲಿ. ತಂದೆ ಊರಲ್ಲಿಲ್ಲದಿದ್ದರೆ, ಅಥವಾ ಇಲ್ಲವೇ ಇಲ್ಲದಿದ್ದರೆ, ತಾಯಿ, ಅಜ್ಜ, ಸೋದರಮಾವ ಯಾರಾದರೂ ಆಗಬಹುದು. ತಾಯಿಯ ತೊಡೆಯಲ್ಲಿ ಕೂತು ಕಲಿತ ಅಕ್ಷರಕ್ಕೆ ಕೊರತೆಯೇನೂ ಇಲ್ಲ. ಹೆಣ್ಣು ಗಂಡು ಭೇದವೂ ಇದರಲ್ಲಿಲ್ಲ. ಅರಿಶಿನ ಕೊಂಬಿನಿಂದಲೋ ಚಿನ್ನದ ಉಂಗುರದಿಂದಲೋ ಮಗುವಿನ ಕೈ ಹಿಡಿದು ‘ಶ್ರೀ’, ‘ಓಂ’ ಬರೆಸಿ. ಮೂರು ಸಲ ಸಾಕು. ಆಮೇಲೆ ಸ್ಲೇಟಿನ ಮೇಲೆ ಮನೆಮಾತಿನ ಮೊದಲ ಅಕ್ಷರ. ‘ಎ’ ಬರೆಸಬಹುದಾ, ಇಂಗ್ಲಿಷ್ ಶಾಲೆ ಅಲ್ವಾ ಅಂತ ಕೆಲವರು ಕೇಳ್ತಾರೆ. ಅದನ್ನು ಶಾಲೆ ಬರೆಸಿಯೇ ಬರೆಸುತ್ತೆ. ದೇವರ ಮುಂದೆ ‘ಅ’ ಇರಲಿ. ಅಕ್ಕಪಕ್ಕದ ಮಕ್ಕಳನ್ನು ಕರೆದು ಸ್ಲೇಟು ಬಳಪ ಹಂಚಿಸಿ, ಮಗುವಿನ ಕೈಯಿಂದಲೇ. ಬರೆದ ಅಕ್ಕಿಯನ್ನು ಡಬ್ಬಿಗೆ ಸುರಿದು ಮರೆಯಬೇಡಿ. ಅಂದೇ ಪಾಯಸ ಮಾಡಿ ಆ ಮಕ್ಕಳಿಗೆಲ್ಲ ಬಡಿಸಿ. ತಾನು ಬರೆದದ್ದನ್ನು ತಾನೇ ತಿಂದೆ ಅಂತ ಮಗು ವಾರಗಟ್ಟಲೆ ಹೇಳಿಕೊಂಡು ಓಡಾಡುತ್ತೆ.

ಶೃಂಗೇರಿ ಶಾರದಾಂಬೆಯ ಸನ್ನಿಧಿಯಲ್ಲಿ, ಕೊಲ್ಲೂರಿನಲ್ಲಿ ಮಾಡಿಸುವ ಹರಕೆ ಇದ್ದರೆ ಸಂತೋಷ. ವಿಜಯದಶಮಿಗೆ ಉತ್ತರಾಯಣ, ಲಗ್ನ ಯಾವುದರ ನಿರ್ಬಂಧವೂ ಇಲ್ಲವೆಂಬುದು ಸಂಪ್ರದಾಯ. ಆದರೆ ಅಂದು ಕೊಲ್ಲೂರಿನಲ್ಲಿ ಕೇರಳದಿಂದ ಬರುವ ಭಕ್ತರೂ ಸೇರಿ ಕಾಲಿಡಲು ಜಾಗ ಇರುವುದಿಲ್ಲ. ನಿಮ್ಮ ಮಗುವಿನ ಸ್ವಭಾವಕ್ಕೆ ಗದ್ದಲ ಆಗದು. ಬೇರೆ ದಿನ ಹೋಗಿ.

ಈಗ ನಿಮ್ಮ ನಿಜವಾದ ಚಿಂತೆಗೆ ಬರೋಣ. ಮಗು ನಿಮ್ಮನ್ನು ಬಿಟ್ಟು ಐದು ನಿಮಿಷ ಇರುವುದಿಲ್ಲ ಅಂದಿರಿ. ಜೂನ್ 1ಕ್ಕೆ ಒಮ್ಮೆಲೇ ಮೂರು ಗಂಟೆ ಬಿಟ್ಟಿರು ಅಂದರೆ ಹೇಗಾಗುತ್ತೆ? ಇನ್ನೂ ಹೆಚ್ಚು ಕಡಿಮೆ ಎರಡು ತಿಂಗಳಿದೆ. ನಿಮ್ಮ ಅತ್ತೆಯವರನ್ನೇ ಜೊತೆ ಸೇರಿಸಿಕೊಳ್ಳಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಗುವನ್ನು ಅಜ್ಜಿಯ ಹತ್ತಿರ ಕೂರಿಸಿ, ‘ದೇವಸ್ಥಾನಕ್ಕೆ ಹೋಗಿ ಬರ್ತೀನಿ, ಅಜ್ಜಿ ಆರತಿ ಮಾಡೋ ಹೊತ್ತಿಗೆ ಬಂದಿರ್ತೀನಿ’ ಅಂತ ಹೇಳಿ ಹೊರಡಿ. ಮೂರು ಪ್ರದಕ್ಷಿಣೆ ಹಾಕಿ ವಾಪಸು ಬನ್ನಿ. ಮಾರನೇ ವಾರ ಆರು ಪ್ರದಕ್ಷಿಣೆ. ಆಮೇಲೆ ಪೇಟೆಗೆ ಹೋಗಿ ಬರುವಷ್ಟು ಹೊತ್ತು. ಒಂದೇ ಒಂದು ನಿಯಮ, ಹೇಳಿದ ಹೊತ್ತಿಗೆ ಬಂದೇ ಬರಬೇಕು. ಮಗುವಿಗೆ ಹನ್ನೆರಡು ಗಂಟೆ ಅಂದರೆ ಅರ್ಥವಾಗುವುದಿಲ್ಲ. ಆರತಿ ಹೊತ್ತಿಗೆ, ಊಟ ಆದಮೇಲೆ ಅಂದರೆ ಅರ್ಥವಾಗುತ್ತದೆ.

ನಮ್ಮಲ್ಲಿ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅನ್ನೋದಿಲ್ಲ, ‘ಹೋಗಿ ಬರ್ತೀನಿ’ ಅಂತಾರೆ. ಮಗು ಆಟದಲ್ಲಿರುವಾಗ ಮೆಲ್ಲಗೆ ಹಿಂಬಾಗಿಲಿಂದ ಜಾರಿಕೊಳ್ಳುವ ತಾಯಂದಿರು ಈ ಮಾತನ್ನೇ ನುಂಗಿಬಿಡುತ್ತಾರೆ. ಅಳು ನೋಡಲಾಗದೆ ಹಾಗೆ ಮಾಡ್ತಾರೆ, ನಿಜ. ಆದರೆ ಮಗು ತಿರುಗಿ ನೋಡಿದಾಗ ಅಮ್ಮ ಇಲ್ಲ. ಆಮೇಲೆ ಮನೆಯಲ್ಲೂ ಸೆರಗು ಬಿಡೋದಿಲ್ಲ, ಯಾವಾಗ ಮಾಯವಾಗ್ತಾಳೋ ಅಂತ. ಅಳುತ್ತಿದ್ದರೂ ಸರಿ, ಕಣ್ಣಿಗೆ ಕಣ್ಣು ಕೊಟ್ಟು ಹೋಗಿ ಬರ್ತೀನಿ ಅಂತ ಹೇಳಿ, ತಿರುಗಿ ತಿರುಗಿ ನೋಡದೆ ನಡೆಯಿರಿ. ನೀವೂ ಅಳುವುದಾದರೆ ರಸ್ತೆ ತಿರುವಿನ ಆಚೆ.

ಮೇ ತಿಂಗಳಲ್ಲಿ ಶಾಲೆಯ ಅಂಗಳಕ್ಕೆ ಹೋಗಿ ಬನ್ನಿ ಅಂದೆನಲ್ಲ, ಅದರ ಇನ್ನೊಂದು ಲಾಭ ಇದೇ. ಜಾಗ ಗೊತ್ತಿದ್ದರೆ ಭಯ ಅರ್ಧ. ಒಂದು ಸಲವಲ್ಲ, ಬಿಟ್ಟರೆ ಮೂರು ನಾಲ್ಕು ಸಲ ಹೋಗಿ. ಮಗುವಿನ ಮನೆಮಾತುಗಳನ್ನು ಟೀಚರಿಗೆ ಹೇಳಿಕೊಡಿ. ಮಗು ಒಂದಕ್ಕೆ, ಎರಡಕ್ಕೆ, ನೀರಿಗೆ ಏನನ್ನುತ್ತದೆ, ಹೊಟ್ಟೆನೋವಿಗೆ ಏನನ್ನುತ್ತದೆ. ಕನ್ನಡ ಬಾರದ ಟೀಚರಾದರೆ ಒಂದು ಚೀಟಿಯಲ್ಲಿ ಬರೆದುಕೊಡಿ. ಗುಂಡಿಯ ಬಟ್ಟೆ ಬಿಟ್ಟು ತಾನೇ ಕೆಳಗೆ ಎಳೆದುಕೊಳ್ಳಬಹುದಾದ ಎಲಾಸ್ಟಿಕ್ ಬಟ್ಟೆ ಹಾಕಿ. ತಾನೇ ತುತ್ತು ತಿನ್ನುವುದನ್ನು ಈಗಿನಿಂದಲೇ ರೂಢಿಸಿ, ಚೆಲ್ಲಿದರೆ ಚೆಲ್ಲಲಿ. ರಾತ್ರಿ ಬೇಗ ಮಲಗಿಸಿ, ಮೇ ಕೊನೆಯಲ್ಲಿ ಅಲ್ಲ, ಈಗಿನಿಂದಲೇ ದಿನಕ್ಕೆ ಸ್ವಲ್ಪ ಸ್ವಲ್ಪ. ಮತ್ತೆ ದಯವಿಟ್ಟು ಮನೆಯಲ್ಲಿ ಯಾರೂ ‘ತಿನ್ನು, ಇಲ್ಲಾಂದ್ರೆ ಮಿಸ್ಸಿಗೆ ಹೇಳ್ತೀನಿ’ ಅನ್ನಬೇಡಿ. ಗುರುವನ್ನು ಗುಮ್ಮ ಮಾಡಿ ತೋರಿಸಿ, ಆಮೇಲೆ ಅದೇ ಗುಮ್ಮನ ಕೈಗೆ ಮಗುವನ್ನು ಕೊಟ್ಟರೆ ಅದು ಹೋಗುತ್ತಾ?

ದೃಷ್ಟಿಗೆ ಏನಾದರೂ ಕಟ್ಟಬೇಕು ಅಂತ ಅತ್ತೆಯವರು ಖಂಡಿತ ಹೇಳ್ತಾರೆ. ಕುತ್ತಿಗೆಗೆ ದಾರ, ತಾಯತ ಬೇಡ. ಆಟದಲ್ಲಿ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಉಡಿದಾರ ಇದ್ದರೆ ಸಾಕು. ಚಿನ್ನದ ಬಳೆ, ಸರ ಮನೆಯಲ್ಲೇ ಇರಲಿ. ಪಾದಕ್ಕೆ ಒಂದು ಕಪ್ಪು ಚುಕ್ಕಿ ಇಡಿ, ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ. ಅಜ್ಜಿಗೂ ಸಮಾಧಾನ.

ಇನ್ನು ಪಾಪದ ಮಾತು. ನನ್ನನ್ನು ಪಾಠಶಾಲೆಗೆ ಬಿಟ್ಟಾಗ ನನಗೆ ಎಂಟು ವರ್ಷ. ಅಮ್ಮ ಬಸ್ಸು ಹತ್ತುವಾಗ ನಾನು ಅವರ ಸೀರೆ ಹಿಡಿದುಕೊಂಡಿದ್ದೆ. ಯಾರೋ ಬೆರಳು ಬಿಡಿಸಿದರು. ನಮ್ಮ ಗುರುಗಳು ಮೊದಲ ಮೂರು ದಿನ ಒಂದಕ್ಷರ ಪಾಠ ಹೇಳಲಿಲ್ಲ. ತುಳಸಿಕಟ್ಟೆಗೆ ನೀರು ಹಾಕುವುದು ನಿನ್ನ ಕೆಲಸ ಅಂದರು. ಬಾವಿಯಿಂದ ಸಣ್ಣ ತಂಬಿಗೆಯಲ್ಲಿ ನೀರು ತರೋದು, ಹಾಕೋದು. ಗುರುಪತ್ನಿ ಮೊಸರನ್ನ ಕಲಸಿ ಕೈತುತ್ತು ಹಾಕಿದರು. ನಾಲ್ಕನೇ ದಿನ ಇನ್ನೊಬ್ಬ ಹುಡುಗ ನೀರು ಹಾಕಲು ಬಂದಾಗ ನಾನೇ ಜಗಳ ಆಡಿದೆ, ಅದು ನನ್ನದು ಅಂತ. ನಿಮ್ಮ ಟೀಚರಿಗೂ ಇದನ್ನು ಹೇಳಿ ನೋಡಿ: ಮಗುವಿಗೆ ದಿನಾ ಮಾಡುವ ಒಂದು ಸಣ್ಣ ಕೆಲಸ ಕೊಡಿ, ಗಿಡಕ್ಕೆ ನೀರೋ, ಆಟಿಕೆ ಡಬ್ಬಿ ತೆರೆಯುವುದೋ. ಬಹಳ ವರ್ಷದ ಮೇಲೆ ಅಮ್ಮ ಹೇಳಿದರು, ಆ ದಿನ ಬಸ್ಸಿನಲ್ಲಿ ಊರು ಬರುವವರೆಗೂ ಅತ್ತರಂತೆ, ತಾನು ಮಹಾಪಾಪ ಮಾಡಿದೆ ಅಂತ. ನನಗೆ ಅವರ ಮೇಲೆ ಸಿಟ್ಟಿದ್ದದ್ದು ಒಂದೇ ವಿಷಯಕ್ಕೆ. ಹದಿನೈದು ದಿನಕ್ಕೆ ಬರ್ತೀನಿ ಅಂದವರು ಒಂದು ತಿಂಗಳಾದ ಮೇಲೆ ಬಂದರು.

ಮನೆಯ ಅನ್ನಕ್ಕಾಗಿ ತಾಯಿ ಕೆಲಸಕ್ಕೆ ಹೋಗುವುದನ್ನು ಪಾಪ ಅನ್ನುವ ಶಾಸ್ತ್ರವನ್ನು ನಾನು ಓದಿಲ್ಲ. ಸಂಜೆ ಬಂದ ಕೂಡಲೇ ಫೋನು, ಅಡುಗೆ ಎಲ್ಲ ಬದಿಗಿಟ್ಟು ಹತ್ತು ನಿಮಿಷ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ. ಇವತ್ತು ಏನು ಕಲಿತೆ ಅಂತ ಕೇಳಬೇಡಿ. ಯಾರ ಪಕ್ಕ ಕೂತಿದ್ದೆ ಅಂತ ಕೇಳಿ. ಎರಡು ಮೂರು ವಾರ ಬೆಳಿಗ್ಗೆ ಅತ್ತರೆ ಗಾಬರಿ ಬೇಡ. ಅಲ್ಲಿಗೂ ಅಳು ನಿಲ್ಲದೆ, ಊಟ ನಿದ್ದೆ ಕೆಟ್ಟು ಮಗು ಸೊರಗುತ್ತಿದ್ದರೆ ಯಂತ್ರ ತಾಯತಕ್ಕೆ ನನ್ನಂಥವರ ಹತ್ತಿರ ಬರಬೇಡಿ. ಮೊದಲು ಶಾಲೆಯಲ್ಲಿ ಏನಾಗುತ್ತಿದೆ ಅಂತ ವಿಚಾರಿಸಿ, ಮಕ್ಕಳ ವೈದ್ಯರಿಗೆ ತೋರಿಸಿ. ಬೇಕಾದರೆ ಬಿಡಿಸಿ ಆರು ತಿಂಗಳು ಬಿಟ್ಟು ಮತ್ತೆ ಸೇರಿಸಿ.

ಪತ್ರದಲ್ಲಿ ಮಗುವಿನ ಜನ್ಮನಕ್ಷತ್ರ ಬರೆದಿಲ್ಲ. ಅದನ್ನೂ ಹುಟ್ಟಿದ ಹೊತ್ತನ್ನೂ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಮಾಘ ಶುದ್ಧ ಪಂಚಮಿ ಮಗುವಿಗೆ ತಾರಾಬಲ ಕೂಡಿ ಬರುತ್ತದೋ, ಇಲ್ಲ ಆಚೀಚೆ ಬೇರೆ ದಿನ ಇಡಬೇಕೋ ನೋಡಿ ಬರೆಯುತ್ತೇನೆ. ಬೆಳಗಿನ ಹೊತ್ತನ್ನೇ ಇಡ್ತೀನಿ, ಮಗು ತಿಂಡಿ ತಿಂದ ಮೇಲೆ.